ಕೊಂಡಿ ಕಾಣದ ಆಟ

ನನ್ನ ಹಳೆಯ ಕಂಪ್ಯೂಟರಿಗೆ ಎರಡು ಮುಸುಕು. ಒಂದು ಪ್ಲಾಸ್ಟಿಕ್ಕಿನದು, ಧೂಳಿಗೆ ಹೆದರಿ ಹಾಕಿದ್ದು. ಅದರ ಮೇಲೊಂದು ಇಳಕಲ್ ಸೀರೆಯ ತುಂಡು, ಪ್ಲಾಸ್ಟಿಕ್ಕಿಗೆ ಧೂಳು ಹತ್ತೀತೆಂದು ಹೆದರಿ ಹಾಕಿದ್ದು. ನಗಬೇಡಿ, ನಾನು ಹೆದರಿಕೆಗೂ ಹೊದಿಕೆ ಹೊಲಿಸುವ ಜಾತಿಯವನು. ಆ ತುಂಡಿನಲ್ಲಿ ಸೀರೆಯ ನೂಲಿನ ಒಡಲು ರೇಷ್ಮೆಯ ಸೆರಗನ್ನು ಸೇರುವ ಜಾಗವಿದೆ; ನೇಯುವ ಮೊದಲೇ ಈ ಎಳೆಗೆ ಆ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿದವಳು ನನ್ನ ಅಕ್ಕ.

ತೊಂಬತ್ತರ ದಶಕದ ಕೊನೆಗೆ, ಹುನಗುಂದದಲ್ಲಿ ಗಣಿತದ ಮಾಸ್ತರನಾಗಿದ್ದಾಗ, ಯಾರೋ ಬಳಸಿ ಬಿಟ್ಟಿದ್ದ ಈ ಯಂತ್ರವನ್ನು ತಂದು ಇಳಕಲ್ಲಿನ ಮನೆಯ ಟಿವಿಗೆ ಜೋಡಿಸಿದೆ. ಜೊತೆಗೊಂದು ಆಟದ ಕ್ಯಾಸೆಟ್ ಬಂದಿತ್ತು, ಹಾಕಿದರೆ ಟಿವಿಯಲ್ಲಿ ಆಟ ಮೂಡುತ್ತಿತ್ತು: ಕುದುರೆ ಓಡಿದಂತೆ ಹಿಂದಿನ ಗುಡ್ಡ, ಗಿಡ, ಕೋಟೆಗಳು ನೀರು ಹರಿದ ಹಾಗೆ ಸರಿಯುತ್ತಿದ್ದವು. ಅದನ್ನು ನೋಡಿ ನಾನೂ ಆ ಯಂತ್ರಕ್ಕೆ ಒಂದು ಆಟದ ಪ್ರೋಗ್ರಾಂ ಬರೆದೆ. ಅದರಲ್ಲಿ ಬಾದಾಮಿಯ ಕೆಂಬಂಡೆಗಳ ಮುಂದೆ ಮಂಗ ಓಡಬೇಕು. ಆದರೆ ಅದು ಒಂದು ಹೆಜ್ಜೆ ಇಟ್ಟರೆ ಬಂಡೆಗಳೆಲ್ಲ ಮಾಯವಾಗಿ, ಪರದೆ ಮಿಣುಕಿ, ಮತ್ತೆ ಮೂಡುತ್ತಿದ್ದವು. ಯಂತ್ರದ ಮೆಮೊರಿ ಸಾಲದೆಂದು ದೂರಿದೆ. ಅಷ್ಟೇ ಮೆಮೊರಿಯಲ್ಲಿ ಕುದುರೆ ಓಡುತ್ತಿತ್ತಲ್ಲ, ಅದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ಇದು ನನ್ನ ಕೈಲಾಗದೆಂದು ಕಮತಗಿಯ ಒಬ್ಬರಿಗೆ ಯಂತ್ರ ಕೊಡುವ ಮಾತಾಡಿಬಿಟ್ಟೆ. ರವಿವಾರ ಅವರು ಬರುವವರಿದ್ದರು.

ಶನಿವಾರ ಮಧ್ಯಾಹ್ನ ಮಗ್ಗದಿಂದ ಎದ್ದು ಬಂದ ಅಕ್ಕ ಎರಡೂ ಆಟ ನೋಡಿದಳು.

"ಆ ಕುದ್ರಿದು ಕೊಂಡಿ ಎಲ್ಲಿ ಹಾಕ್ಯಾರೋ ಕಾಣವಲ್ದು. ನಿನ್ನ ಮಂಗ್ಯಾ ಯಾಕ ಹಿಂಗ ಮಿಣಕ್ತಾನೋ ತಮ್ಮಾ?"

"ಹೆಜ್ಜಿಗೊಮ್ಮೆ ಚಿತ್ರ ಎಲ್ಲಾ ಅಳಿಸಿ ಮತ್ತ ಬರೀತೇನಿ, ಅಕ್ಕಾ."

"ಎಲ್ಲಾನೂ? ಸೆರಗ ಕೂಡಸಾಕ ಇಡೀ ಸೀರಿ ಬಿಚ್ಚಾವ್ನ ನಿನ್ನೊಬ್ಬನ್ನ ನೋಡಿದೆ! ಇದ್ದದ್ದು ಸರಸು, ಅಂಚಿಗೆ ಹೊಸಾದು ಎಷ್ಟ ಬೇಕೋ ಅಷ್ಟ ಕೂಡಸು. ಲೆಕ್ಕದ ಮಾಸ್ತರಂತ!"

ನಾಚಿಕೆಯಲ್ಲೇ ಕೂತೆ. ಇದ್ದ ಚಿತ್ರವನ್ನು ಒಂದು ಚೌಕದಷ್ಟು ಎಡಕ್ಕೆ ಸರಿಸಿ, ಬಲ ಅಂಚಿನಲ್ಲಿ ಒಂದೇ ಒಂದು ಪಟ್ಟಿ ಬರೆಸಿದೆ. ಬಂಡೆಗಳು ಮಿಣುಕದೆ ನಡೆದವು! ಆ ಕುದುರೆಯ ಆಟ ಬರೆದ ಪರದೇಶದ ಪುಣ್ಯಾತ್ಮನೂ ಹೀಗೆಯೇ ಇದ್ದಷ್ಟರಲ್ಲೇ ತೂಗಿಸಿದ್ದಾನು ಅನ್ನಿಸಿತು. ಆಡುವವನು ಕೋಟೆಯನ್ನು ನೋಡುತ್ತಾನೆ, ಉಡುವವಳು ಬಣ್ಣವನ್ನು. ಕೂಡಿಸಿದ ಜಾಗ ಕೆಟ್ಟಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಯಾರೂ ಹೊಗಳದ ಆ ಜಾಗದಲ್ಲಿ ಅಷ್ಟು ಮುತುವರ್ಜಿ ವಹಿಸುವವರು ಎರಡು ದೇಶಗಳಲ್ಲಿ ಇದ್ದಾರೆಂದರೆ, ಲೋಕದ ಬಗ್ಗೆ ನಾನು ಪಡುವ ಚಿಂತೆಯಲ್ಲಿ ಅರ್ಧವಾದರೂ ದಂಡವಲ್ಲವೇ?

ರವಿವಾರ ಕಮತಗಿಯವರು ಬಂದರು. "ತಪ್ಪ ತಿಳೀಬ್ಯಾಡ್ರಿ, ಕೊಡಂಗಿಲ್ರಿ. ಮಂಗ ಓಡಾಕ ಹತ್ತೈತಿ" ಎಂದೆ. ಅವರು ಚಹಾ ಕುಡಿಯುತ್ತ ಬಹಳ ಹೊತ್ತು ನೋಡಿ, "ಭಾಳ ಚಲೋ ಓಡತೈತ್ರಿ ಮಾಸ್ತರ. ಬಾಲ ಯಾಕ ಒಂದ ಹೆಜ್ಜಿ ಹಿಂದ ಉಳೀತೈತಿ?" ಎಂದರು. ಬಾಲ ಮಂಗನನ್ನು ಸೇರಲು ಇನ್ನೊಂದು ವಾರ ಹಿಡಿಯಿತು.

ಇಂದಿಗೂ ಮುಸುಕು ತೆಗೆಯುವಾಗ ಬೆರಳು ತಾನಾಗಿ ಆ ಕೊಂಡಿಗಳನ್ನು ಹುಡುಕುತ್ತದೆ, ಸಿಗುವುದಿಲ್ಲ. ಇದನ್ನು ಬರೆಯುತ್ತಲೇ, ಎಷ್ಟು ಬೇಕೋ ಅಷ್ಟೇ ಸಾಕೆಂದು, ಪ್ಲಾಸ್ಟಿಕ್ಕನ್ನು ತೆಗೆದುಬಿಟ್ಟೆ. ಎಸೆದಿಲ್ಲ. ಮಡಚಿ, ಕೈಗೆ ಸಿಗುವಂತೆ ಪಕ್ಕದಲ್ಲೇ ಇಟ್ಟಿದ್ದೇನೆ.