ಖಾಲಿ ಎಂದು ಹೇಳಿದ ಕಣ

ಹಾವೇರಿಯ ಆ ಸಭಾಂಗಣದಲ್ಲಿ ಕುಳಿತರೆ ನನಗೆ ನಿದ್ದೆಯಲ್ಲದ ಒಂದು ನಿದ್ದೆ ಬರುತ್ತಿತ್ತು. ಕಿಟಕಿಗಳಿಗೆ ದಪ್ಪ ಪರದೆ, ಮೇಲಿನಿಂದ ತಣ್ಣನೆಯ ಗಾಳಿ, ಎದುರಿನ ಗೋಡೆಯ ಮೇಲೆ ಬೆಳಕಿನಲ್ಲಿ ಮೂಡಿದ ನಮ್ಮ ಜಿಲ್ಲೆಯ ನಕಾಶೆ. ಹಳದಿ ಚೌಕಗಳು ಬಿಸಿಲಿನಿಂದ ಕರೆಂಟ್ ಮಾಡುವ ಜಾಗಗಳು, ನೀಲಿ ಗೆರೆಗಳು ಆ ಕರೆಂಟ್ ಹೋಗುವ ದಾರಿ. ಜಿಲ್ಲೆಯ ದೊಡ್ಡ ಅಧಿಕಾರಿಗಳು, ತಾಲೂಕುಗಳ ಮುಖಂಡರು, ಇಂಜಿನಿಯರ್‌ಗಳು ಮುಂದಿನ ಕುರ್ಚಿಗಳಲ್ಲಿ. ನಮ್ಮಂಥ ಪಂಚಾಯಿತಿ ಅಧ್ಯಕ್ಷರು ಹಿಂದೆ. ಅವರು ಮಾತಾಡುತ್ತಾ ಹೋದಂತೆ ನಾನು ಮೆಲ್ಲಗೆ ನಕಾಶೆಯೊಳಗೆ ಇಳಿದುಬಿಡುತ್ತಿದ್ದೆ. ನೀಲಿ ಗೆರೆ ಹಿಡಿದು ನಡೆದರೆ ಬ್ಯಾಡಗಿ, ಬ್ಯಾಡಗಿ ದಾಟಿ ಕಾಗಿನೆಲೆಯ ದಾರಿ, ಆ ದಾರಿಯ ಬದಿಗೆ ನಮ್ಮೂರು. ಅಲ್ಲಿ ನಡುಹಗಲು. ಎಲ್ಲ ಹೊಲಗಳಲ್ಲೂ ನೀರು ಹರಿಯುತ್ತಿದೆ, ಗಂಡಸರು ಬೇವಿನ ನೆರಳಿಗೆ ಕುಳಿತು ಅದನ್ನು ನೋಡುತ್ತಿದ್ದಾರೆ. ಯಾರಿಗೂ ನಿದ್ದೆಗೆಟ್ಟ ಕೆಂಪು ಕಣ್ಣಿಲ್ಲ.

ಹೀಗೆ ಕಣ್ಣು ಬಿಟ್ಟುಕೊಂಡೇ ಕನಸು ಕಾಣುವುದು ನನಗೆ ಸಣ್ಣಂದಿನಿಂದ ಅಂಟಿದ ಚಟ. ರಾಣೆಬೆನ್ನೂರಿನಲ್ಲಿ ನಮ್ಮಪ್ಪನದು ಬೀಜದ ಅಂಗಡಿ. ಗಿರಾಕಿ ಸವತೆಬೀಜ ಕೇಳಿದರೆ ನಾನು ಹೀರೆಬೀಜ ಕಟ್ಟಿಕೊಟ್ಟು, ಅವರ ಹಿತ್ತಿಲಲ್ಲಿ ಬಳ್ಳಿ ಹಬ್ಬುವುದನ್ನು ನೋಡುತ್ತಾ ಕುಳಿತಿರುತ್ತಿದ್ದೆ. "ಇಕಿ ಮುಂದ ಹಾಲು ಉಕ್ಕಿ ಹ್ವಾದ್ರೂ ನೋಡ್ಕೋತ ನಿಂದರ್ತಾಳ" ಎಂದು ಅವ್ವ ಬೈಯುತ್ತಿದ್ದಳು. ಅಂಥವಳನ್ನು ಮೆಣಸಿನಕಾಯಿ ಬೆಳೆಯುವ ಮನೆಗೆ ಕೊಟ್ಟರು. ಮೀಸಲಾತಿ ಬಂದಾಗ ಊರವರು ಚುನಾವಣೆಗೆ ನಿಲ್ಲಿಸಿದರು. ಗೆದ್ದೆ. ಗೆದ್ದ ಮೇಲೆ ನನ್ನ ಕನಸಿಗೆ ಒಂದು ಕುರ್ಚಿಯೂ ಒಂದು ರಬ್ಬರ್ ಮುದ್ರೆಯೂ ಸಿಕ್ಕವು. ಅದೇ ತಾಪತ್ರಯವಾಯಿತು.

ಸಭೆಯ ಯೋಜನೆ ಸರಳವಾಗಿತ್ತು. ನಮ್ಮ ಕಡೆ ಹೊಲದ ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ. ಬಂದಾಗ ಎದ್ದು ಹೋಗಿ ನೀರು ಹಾಯಿಸಬೇಕು. ಊರ ಹತ್ತಿರವೇ ಸೋಲಾರ್ ಪ್ಲೇಟ್ ಹಾಕಿದರೆ ಬಿಸಿಲಿದ್ದಾಗ ಕರೆಂಟ್, ಕರೆಂಟ್ ಇದ್ದಾಗ ನೀರು. ಜಾಗ ಮಾತ್ರ ಪಂಚಾಯಿತಿಯವರು ತೋರಿಸಬೇಕು. ಮೊದಲು ತೋರಿಸಿದ ಊರಿಗೆ ಮೊದಲು.

ನನಗೆ ಈ ಯೋಜನೆ ಬೇಕೇ ಬೇಕಾಗಿತ್ತು, ಅದೂ ನಮ್ಮ ಭಾವನವರ ಸಲುವಾಗಿ. ಅವರು ನನ್ನ ಗಂಡನ ಅಣ್ಣ, ಅರವತ್ತು ದಾಟಿದವರು. ಗೋಡೆಗೆ ಗೋಡೆ ಹತ್ತಿದ ಮನೆ. ಹಿಂದಿನ ವರ್ಷ ರಾತ್ರಿ ನೀರು ಬಿಡಲು ಹೋಗಿ ಕಾಲುವೆಯಲ್ಲಿ ಬಿದ್ದು, ಬೆಳಗಾಗುವವರೆಗೆ ಅಲ್ಲೇ ಕುಳಿತಿದ್ದರು. ಮೊಣಕಾಲು ಇವತ್ತಿಗೂ ನೆಟ್ಟಗಿಲ್ಲ. ಅವರು ಹೋದ ರಾತ್ರಿಯೆಲ್ಲ ಅವರ ಹೆಂಡತಿ, ನನ್ನ ನೆಗೆಣ್ಣಿ, ಬಾಗಿಲಲ್ಲಿ ಕುಳಿತಿರುತ್ತಾಳೆ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಒಡಹುಟ್ಟಿದ ಅಕ್ಕ ಇದ್ದಿದ್ದರೂ ಅಷ್ಟು ಬೈಸಿಕೊಳ್ಳುತ್ತಿದ್ದೆನೋ ಇಲ್ಲವೋ.

ಆಷಾಢದಲ್ಲಿ ನಮ್ಮನ್ನೆಲ್ಲ ಒಂದು ಬಸ್ಸಿನಲ್ಲಿ ತುಂಬಿಕೊಂಡು ರಾಣೆಬೆನ್ನೂರಿನಾಚೆ, ಐರಣಿಯ ಕಡೆ, ಇಂಥದೇ ಒಂದು ಸೋಲಾರ್ ಹೊಲ ತೋರಿಸಲು ಕರೆದುಕೊಂಡು ಹೋದರು. ದೂರದಲ್ಲಿ ಹೊಳೆ ತುಂಬಿ ಮಬ್ಬಾಗಿ ಹರಿಯುತ್ತಿತ್ತು. ಪ್ಲೇಟುಗಳು ಸಾಲುಸಾಲಾಗಿ ಆಕಾಶಕ್ಕೆ ಮುಖ ಮಾಡಿದ್ದವು, ಪ್ರತಿಯೊಂದರಲ್ಲೂ ಒಂದೊಂದು ಮೋಡ ಸರಿಯುತ್ತಿತ್ತು. ಸದ್ದಿಲ್ಲ, ಹೊಗೆಯಿಲ್ಲ. ಸಾಲುಗಳ ನಡುವೆ ನಡೆದರೆ ನೆಲದ ಮೇಲಿದ್ದೇನೋ ಮೋಡದ ಕೆಳಗಿದ್ದೇನೋ ತಿಳಿಯುತ್ತಿರಲಿಲ್ಲ. ಇಂಜಿನಿಯರ್ ಏನೇನೋ ವಿವರಿಸುತ್ತಿದ್ದರು, ನನಗೆ ಒಂದೂ ಕೇಳಿಸಲಿಲ್ಲ. ಊರಿಗೆ ಬರುವ ಹೊತ್ತಿಗೆ ನಾನು ಆ ಸಾಲುಗಳನ್ನು ತಲೆಯ ಮೇಲೆ ಹೊತ್ತುಕೊಂಡೇ ಬಂದಿದ್ದೆ.

ಶ್ರಾವಣದಲ್ಲಿ ಅವರು ನಮ್ಮೂರಿಗೆ ಜಾಗ ನೋಡಲು ಬಂದರು. ಸಣ್ಣಗೆ ಜಿನುಗುವ ಮಳೆ. ಕೆರೆ ಏರಿಯಾಚೆ ಸ್ವಲ್ಪ ಎತ್ತರದ ಬಯಲು, ಪಂಚಾಯಿತಿಯ ಜಾಗ. ಮೊಣಕಾಲೆತ್ತರ ಹುಲ್ಲು ಬೆಳೆದಿತ್ತು, ಎರಡು ಆಡು ಮೇಯುತ್ತಿದ್ದವು. ತಾಲೂಕಿನ ಮುಖಂಡರು ಕೊಡೆಯ ಕೆಳಗಿನಿಂದ ಕೇಳಿದರು, "ಅಧ್ಯಕ್ಷರ, ಇದು ಖಾಲಿ ಐತೇನ್ರಿ?"

"ಖಾಲಿ ಐತ್ರಿ ಸಾಹೇಬ್ರ" ಎಂದೆ.

ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಅದು ನಮ್ಮೂರ ಮೆಣಸಿನಕಾಯಿ ಕಣ. ಸುಗ್ಗಿ ಬಂದರೆ ಅಲ್ಲಿ ಹುಲ್ಲು ಕೆತ್ತಿ, ನೆಲ ಬಡಿದು, ಸಗಣಿ ಸಾರಿಸಿ ಇಡೀ ಊರಿನ ಕಾಯಿ ಒಣಹಾಕುತ್ತಾರೆ. ಆದರೆ ಮಳೆಗಾಲದಲ್ಲಿ ಆ ಕಣ ಯಾರ ಕಣ್ಣಿಗೂ ಬೀಳುವುದಿಲ್ಲ, ಬೆಳೆ ಇಲ್ಲದ ನೆಲಕ್ಕೆಲ್ಲ ನಾವು ಖಾಲಿ ಎಂದೇ ಅನ್ನುತ್ತೇವೆ. ಆ ಹುಲ್ಲಿನ ಮೇಲೆ ನನಗೆ ಆಗಲೇ ಮೋಡ ಸರಿಯುವ ಪ್ಲೇಟುಗಳು ಕಾಣುತ್ತಿದ್ದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿಬಿಟ್ಟೆ.

ಆ ಕಣದ್ದೊಂದು ರೀತಿ ಇದೆ. ಪ್ರತಿ ಮನೆಗೂ ಅಲ್ಲಿ ಒಂದು ಪಟ್ಟಿ ಜಾಗ, ಗುರುತಿಗೆ ನಾಲ್ಕು ಮೂಲೆಗೆ ಸುಣ್ಣದಲ್ಲಿ ಅದ್ದಿದ ಕಲ್ಲು. ಪಟ್ಟಿ ಅತ್ತೆಯಿಂದ ಸೊಸೆಗೆ ಬರುತ್ತದೆ. ಕಾಗದವಿಲ್ಲ, ಪತ್ರವಿಲ್ಲ. ಯಾರದು ಎಲ್ಲಿಂದ ಎಲ್ಲಿಯವರೆಗೆ ಎಂದು ಊರಿನ ಯಾವ ಗಂಡಸಿಗೂ ಗೊತ್ತಿಲ್ಲ. ನಾನು ಮದುವೆಯಾಗಿ ಬಂದ ಮೊದಲ ಸುಗ್ಗಿಯಲ್ಲಿ ಅತ್ತೆ ನನ್ನನ್ನೂ ಅಕ್ಕನನ್ನೂ ಚಪ್ಪಲಿ ಬಿಡಿಸಿ ಅಲ್ಲಿ ನಡೆಸಿದ್ದರು. "ಹೊಲಾ ಮನಿ ಎಲ್ಲಾ ಗಂಡಸರದು. ಇದೊಂದು ನಂದಿತ್ತು. ಈಗ ಅರ್ಧಾ ಆಕಿದು, ಅರ್ಧಾ ನಿಂದು" ಎಂದಿದ್ದರು. ನಾನು ಪಂಚಾಯಿತಿಗೆ ಬಿದ್ದ ಮೇಲೆ ನನ್ನ ಅರ್ಧ ಸುಮ್ಮನೆ ಬಿದ್ದಿತ್ತು. ಅಕ್ಕ ಮಾತ್ರ ತನ್ನ ಪಟ್ಟಿಯಲ್ಲಿ ಮನೆಯ ಕಾಯಿಯ ಜೊತೆಗೆ ಕೂಲಿಗೆ ಬೇರೆಯವರ ಕಾಯಿಯನ್ನೂ ಒಣಗಿಸಿ ಕೊಡುತ್ತಿದ್ದಳು. ಯಾರನ್ನೂ ಕೇಳದೆ ಅವಳು ಖರ್ಚು ಮಾಡಬಹುದಾಗಿದ್ದ ದುಡಿಮೆ ಅದೊಂದೇ.

ಗ್ರಾಮಸಭೆಯಲ್ಲಿ ಪಿಡಿಓ ಜಾಗವನ್ನು ಸರ್ವೆ ನಂಬರಿನಲ್ಲಿ ಓದಿದರು. ನಮ್ಮೂರಲ್ಲಿ ನೆಲವನ್ನು ನಂಬರಿನಿಂದ ಗುರುತಿಸುವವರೇ ಇಲ್ಲ. ಹಗಲು ಕರೆಂಟ್ ಎಂದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರು, ಹೆಂಗಸರು ಬಂದೇ ಇರಲಿಲ್ಲ. ಎದ್ದು ನಿಂತು "ಅದು ನಮ್ಮ ಕಣ" ಎಂದು ಬಿಡಿಸಿ ಹೇಳಬೇಕಾದವಳು ನಾನು. ನಾಳೆ ಹೇಳೋಣ, ಅಕ್ಕನಿಗೆ ಮೊದಲು ಹೇಳೋಣ ಎನ್ನುತ್ತಾ ದಸರೆ ಹೋಯಿತು, ದೀಪಾವಳಿ ಹೋಯಿತು. ಹೇಳಲು ಹೋದಾಗೆಲ್ಲ ಅವಳು ರೊಟ್ಟಿ ಬಡಿಯುತ್ತಿರುತ್ತಿದ್ದಳು. ಬಿಸಿ ರೊಟ್ಟಿ ತಿಂದು ಎದ್ದು ಬರುತ್ತಿದ್ದೆ. ನಾನು ಹೇಡಿ, ಇನ್ನೇನು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಪ್ಲೇಟಿನ ಜಾಗಕ್ಕೆ ಗುರುತು ಹಾಕಲು ಅಧಿಕಾರಿಗಳೆಲ್ಲ ಬಂದರು, ನಾನೂ ಜೊತೆಗೆ ಹೋದೆ. ಇಬ್ಬನಿ ಇನ್ನೂ ಪೂರ್ತಿ ಆರಿರಲಿಲ್ಲ. ಏರಿ ಹತ್ತಿ ಇಳಿದದ್ದೇ ಮುಂದಿನವರು ನಿಂತುಬಿಟ್ಟರು. ಹಿಂದಿನವರು ಅವರ ಬೆನ್ನಿಗೆ ಬಂದು ಹಾಯ್ದರು. ಬಯಲು ಬಯಲೆಲ್ಲ ಕೆಂಪು. ಹೆಂಗಸರು ಬರಿಗಾಲಿನಲ್ಲಿ ಕಾಯಿಯನ್ನು ಸರಿಸುತ್ತಾ, ಸಾಲು ಬಿಡಿಸುತ್ತಾ ನಿಧಾನಕ್ಕೆ ನಡೆಯುತ್ತಿದ್ದರು. ಮಂಜಿನಲ್ಲಿ ಅವರ ಕಾಲು ಕಾಣುತ್ತಿರಲಿಲ್ಲ, ತೇಲಿದಂತೆ ಇತ್ತು. ಗಾಳಿಗೆ ಘಾಟು ಬಂದು ಇಂಜಿನಿಯರ್ ಸೀನಿದರು, ಮುಖಂಡರು ಸೀನಿದರು, ಕೊನೆಗೆ ಎಲ್ಲರೂ. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ಬಂದಳು. "ಏನ್ರಿ ಸಾಹೇಬ್ರ, ಎಲ್ಲಾರೂ ಕೂಡಿ ಬಂದೀರಿ?"

"ಸೋಲಾರ್ ಹಾಕಾಕ ಜಾಗಾ ಅಳ್ಯಾಕ ಬಂದೇವ್ರಿ. ಇದು ಖಾಲಿ ಐತಿ ಅಂತ ನಮಗ ಹೇಳ್ಯಾರ" ಎಂದರು ಮುಖಂಡರು.

"ಖಾಲಿ ಐತಿ ಅಂತ ಯಾರ್ ಹೇಳ್ಯಾರ್ರಿ?"

ಅವರು ಒಳ್ಳೆಯ ಮನುಷ್ಯ. ನನ್ನ ಕಡೆ ನೋಡದೆ ನೆಲ ನೋಡಿದರು. ನಾನು ಸುಮ್ಮನಿದ್ದಿದ್ದರೆ ತಪ್ಪು ಯಾವುದೋ ಕಾಗದದ ಮೇಲೆ ಹೋಗುತ್ತಿತ್ತು.

"ನಾನ ಹೇಳೇನಿ ಅಕ್ಕಾ" ಎಂದೆ.

ಅವಳು ನನ್ನನ್ನು ನೋಡಿದಳು. ಬೈಯಲಿಲ್ಲ. ತಿರುಗಿ ಹೋಗಿ ಬಿಟ್ಟ ಸಾಲಿನಿಂದಲೇ ಕಾಯಿ ಸರಿಸತೊಡಗಿದಳು. ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮೂರು ದಿನ ಗೋಡೆಯಾಚೆಯಿಂದ ನನಗೆ ಒಂದು ಮಾತೂ ಬರಲಿಲ್ಲ. ನಾಲ್ಕನೆಯ ದಿನ ಹಾವೇರಿಯಲ್ಲಿ ಸಭೆ ಇತ್ತು. ಅದೇ ಪರದೆ, ಅದೇ ತಂಪು, ಅದೇ ನಕಾಶೆ. ನಮ್ಮೂರಿನ ಹಳದಿ ಚೌಕ ಈಗ ನನಗೆ ಕೆಂಪಾಗಿಯೇ ಕಾಣುತ್ತಿತ್ತು. ಎದ್ದು ನಿಂತು, ನಮ್ಮ ಜಾಗ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಊರುಗಳ ಪಟ್ಟಿಯಿಂದ ನಮ್ಮೂರು ತೆಗೆಯಿರಿ ಎಂದೆ.

ದೊಡ್ಡ ಅಧಿಕಾರಿ ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. "ಅವಸರ ಬೇಡಮ್ಮ. ಕಣದ ಅರ್ಧ ಜಾಗ ಕೊಟ್ಟರೂ ಪ್ಲೇಟ್ ಹಾಕಬಹುದು ಅಂತ ಇಂಜಿನಿಯರ್ ಹೇಳ್ತಿದ್ದಾರೆ. ಊರಿಗೆ ಹೋಗಿ ಆ ಹೆಂಗಸರನ್ನು ಒಮ್ಮೆ ಕೇಳಿಕೊಂಡು ಬನ್ನಿ" ಎಂದರು.

"ಕೇಳೂದೇನೈತ್ರಿ? ಕೊಡೂದುಲ್ಲ ಅಂದ್ರ ಕೊಡೂದುಲ್ಲ. ನಾನ ಅಧ್ಯಕ್ಷಿ ಅದೇನಿ" ಎಂದೆ.

ನನ್ನ ದನಿ ನನಗೇ ಚೆಂದ ಕೇಳಿಸಿತು. ಹಿಂದಿನ ಕುರ್ಚಿಯವರು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಅಧಿಕಾರಿ ಇನ್ನೊಮ್ಮೆ ಕೇಳಿದರು, ನಾನು ಇನ್ನೊಮ್ಮೆ ಅದನ್ನೇ ಹೇಳಿ ಕಾಗದಕ್ಕೆ ಸಹಿ ಹಾಕಿದೆ. ನಮ್ಮ ಸರದಿ ಹೊಸರಿತ್ತಿ ಕಡೆಯ ಒಂದು ಊರಿಗೆ ಹೋಯಿತು. ಆ ಊರಿನ ಅಧ್ಯಕ್ಷರು ಮುದುಕರು, ಕೈ ಮುಗಿದು "ಭಾಳ ಉಪಕಾರ ಆತ್ರಿ ತಂಗಿ" ಎಂದರು. ಪಟ್ಟಿ ಆಗಲೇ ಬೆಂಗಳೂರಿಗೆ ಹೋಯಿತು. ನಮ್ಮದು ಇನ್ನು ಮುಂದಿನ ಸುತ್ತಿನಲ್ಲಿ, ಅದು ಯಾವಾಗ ಎಂದು ಯಾರೂ ಹೇಳಲಿಲ್ಲ.

ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಮತ್ತೆ ಕನಸು ಕಂಡೆ. ಅಕ್ಕನಿಗೆ ಸುದ್ದಿ ಹೇಳುತ್ತೇನೆ, ಅವಳು ಮೊದಲು ಮುಖ ತಿರುವುತ್ತಾಳೆ, ಆಮೇಲೆ ನಗುತ್ತಾಳೆ, ಬಿಸಿ ರೊಟ್ಟಿ ಹಾಕುತ್ತಾಳೆ. ಬ್ಯಾಡಗಿ ಹತ್ತಿರವಾದಂತೆ ಮಾರುಕಟ್ಟೆಯ ಘಾಟು ಒಳಗೆ ಬಂತು, ಬಸ್ಸಿನವರೆಲ್ಲ ಕೆಮ್ಮಿದರು. ನಾನು ಒಬ್ಬಳೇ ನಗುತ್ತಿದ್ದೆ. ಊರಲ್ಲಿ ಇಳಿದವಳು ಮನೆಗೆ ಹೋಗದೆ ನೆಟ್ಟಗೆ ಕಣಕ್ಕೆ ಹೋದೆ.

ಹೊತ್ತು ಇಳಿಯುತ್ತಿತ್ತು. ಇಬ್ಬನಿ ಬೀಳುವ ಮೊದಲು ಹೆಂಗಸರು ಕಾಯಿಯನ್ನು ಗುಡ್ಡೆ ಮಾಡಿ ತಾಡಪಾಲು ಹೊದಿಸುತ್ತಿದ್ದರು. ಆದರೆ ಕಣ ಮೊದಲಿನಂತೆ ಇರಲಿಲ್ಲ. ಏರಿಯ ಕಡೆಯ ಅರ್ಧ ಬರಿದಾಗಿ, ಗುಡಿಸಿ ಇಟ್ಟಂತಿತ್ತು. ಎಲ್ಲರ ಕಾಯಿಯೂ ಆಚೆಯ ಅರ್ಧಕ್ಕೆ ಒತ್ತಿಕೊಂಡು ಬಂದಿತ್ತು. ಸುಣ್ಣದ ಕಲ್ಲುಗಳು ಒಂದಕ್ಕೊಂದು ತೀರ ಹತ್ತಿರ. ಅಕ್ಕನ ನಾಲ್ಕು ಕಲ್ಲು ಮಾತ್ರ ಎಲ್ಲಿಯೂ ನೆಟ್ಟಿರಲಿಲ್ಲ. ಅವುಗಳನ್ನು ಮಗ್ಗುಲಲ್ಲಿ ಇಟ್ಟುಕೊಂಡು ಅವಳು ನೆಲದ ಮೇಲೆ ಕುಳಿತಿದ್ದಳು.

"ಬಂದೇನ? ನಿನ್ನ ಹಾದೀನ ನೋಡಾಕತ್ತಿದ್ದೆ" ಎಂದಳು. ಮೂರು ದಿನದ ಮೇಲೆ ಅದೇ ಮೊದಲ ಮಾತು. "ಮುಂಜಾನಿ ಎಲ್ಲಾರೂ ಕುಂತು ಮಾತಾಡಿದ್ವಿ. ಕಣಾನೂ ಬೇಕು, ಗಂಡಸರೂ ರಾತ್ರಿ ಮನ್ಯಾಗ ಮಲಗಬೇಕು. ಅರ್ಧಾ ಕೊಟ್ಟೇವು ಅಂತ ಹೇಳು ನಿಮ್ಮ ಸಾಹೇಬ್ರಿಗೆ. ನನ್ನ ಪಟ್ಟಿ ಪೂರ್ತಿ ಕೊಟ್ಟ ಕಡೀಕ ಹೋತು. ಹೋಗ್ಲಿ ಬಿಡು."

ಮಗ್ಗುಲ ಕಲ್ಲಿನ ಮೇಲೆ ಕೈಯಿಟ್ಟು ಅವಳು ಮುಂದುವರಿಸಿದಳು. "ನಿನ್ನ ಪಾಲು ಈ ಕಡಿ ಉಳದೈತಿ. ಅದರಾಗ ನನಗೊಂದೀಟು ಜಾಗಾ ಕೊಡ್ತೀಯೇನ? ನಿನ್ನ ಕೇಳದ ಹೆಂಗ ಕಲ್ಲು ಇಡೂದು, ಅಂತ ಕುಂತೇನಿ."

ನಾನು ಪಂಚಾಯಿತಿಗೆ ಬಿದ್ದಾಗಿನಿಂದ ಹುಲ್ಲು ಕಿತ್ತು, ಸಗಣಿ ಸಾರಿಸಿ ನನ್ನ ಪಾಲನ್ನು ನೆಟ್ಟಗೆ ಇಟ್ಟವಳು ಅವಳು. ನಾನು ಅದರ ಮೇಲೆ ಕಾಲಿಟ್ಟು ಎರಡು ಸುಗ್ಗಿ ಆಗಿತ್ತು. ಅಲ್ಲಿ ನಾಲ್ಕು ಕಲ್ಲು ಇಡಲು ಅವಳು ಬೆಳಗಿನಿಂದ ನನ್ನನ್ನು ಕಾದಿದ್ದಳು.

ನಾನು ಹಾವೇರಿಯಲ್ಲಿ ಮಾಡಿ ಬಂದದ್ದನ್ನು ಹೇಳಿದೆ. ಜಾಗ ಬಿಡಿಸಿದ್ದು, ಸಹಿ ಹಾಕಿದ್ದು, ಸರದಿ ಬೇರೆ ಊರಿಗೆ ಹೋದದ್ದು. ಅರ್ಧ ಕೊಟ್ಟರೆ ಸಾಕು, ಕೇಳಿಕೊಂಡು ಬನ್ನಿ ಎಂದು ಅವರು ಹೇಳಿದ್ದನ್ನೂ ಮುಚ್ಚಿಡಲಿಲ್ಲ. ತಾಡಪಾಲು ಹೊದಿಸುತ್ತಿದ್ದವರ ಕೈಗಳು ನಿಂತವು. ಅಕ್ಕ ಆ ಬರಿದಾದ ಅರ್ಧವನ್ನು ನೋಡಿದಳು.

"ಕೊಡೂಮುಂದನೂ ನಮ್ಮನ್ನ ಕೇಳಲಿಲ್ಲ, ಬಿಡಸೂಮುಂದನೂ ಕೇಳಲಿಲ್ಲ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಎರಡೂ ಸಲ ನಮ್ಮ ಸಲುವಾಗೇ ಮಾಡೀದಿ, ಖರೇ. ಆದ್ರ ಎರಡೂ ಸಲ ನಾವು ಇಲ್ಲೇ ಇದ್ವಲ್ಲ, ತಂಗಿ."

ಅಷ್ಟರಲ್ಲಿ ಏರಿಯ ಮೇಲಿಂದ ಭಾವನವರು ಕೂಗಿದರು. ಈ ವಾರ ನಮ್ಮ ಲೈನಿಗೆ ಮತ್ತೆ ರಾತ್ರಿಯ ಸರದಿ ಎಂದು ಲೈನ್‌ಮನ್ ಹೇಳಿದನಂತೆ, ಲಗೂ ಊಟಕ್ಕೆ ಮಾಡಬೇಕಂತೆ. ಅಕ್ಕ ಮೊಣಕಾಲಿಗೆ ಕೈಯೂರಿ ಎದ್ದಳು. "ಬಂದೆ" ಎಂದು ಅವರಿಗೆ ಹೇಳಿ, ಸೀರೆಯ ಧೂಳು ಕೊಡವಿಕೊಂಡು, ನನ್ನನ್ನು ಅಲ್ಲೇ ಬಿಟ್ಟು ಮನೆಯ ಕಡೆ ಹೊರಟಳು.