ಶಿಖರದಿಂದ ಇಳಿಸಿದವರು

ಅಂಟಣ್ಣನವರನ್ನು ನಾನು ಬಹಳ ಕಾಲ ಪರ್ವತಾರೋಹಿ ಎಂದೇ ತಿಳಿದಿದ್ದೆ. ತಪ್ಪು ಪೂರ್ತಿ ನನ್ನದಲ್ಲ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕ ಹೊಲಿಯುವ ಮನುಷ್ಯ, “ಹಿಮದ ಮೇಲೆ ಮೊದಲು ಕೋಲು ಊರಬೇಕು ಸಾರ್, ಕಾಲು ಆಮೇಲೆ” ಎಂದು ಗಂಭೀರವಾಗಿ ಹೇಳಿ, ಎಡಗಾಲನ್ನು ಒಂದಿಷ್ಟು ಎಳೆಯುತ್ತ ನಡೆದರೆ ಯಾರಾದರೂ ಏನೆಂದುಕೊಳ್ಳಬೇಕು? ಕೊರಕಲಿಗೆ ಬಿದ್ದಿರಬೇಕೆಂದು ಮನಸ್ಸಿನಲ್ಲೇ ಕೈಮುಗಿದಿದ್ದೆ. ಬಿದ್ದದ್ದು ಸ್ಟೂಲಿನಿಂದ, ಬಲ್ಬು ಬದಲಿಸುವಾಗ ಎಂದು ಅವರ ಹೆಂಡತಿ ಹೇಳಿದ ಮೇಲೆ ಕೈ ಇಳಿಸಿದೆ.

ಹಿಮ ಅವರಿಗೆ ಸಿಕ್ಕಿದ್ದು ಒಂದೇ ಪುಸ್ತಕದಿಂದ. ಹತ್ತೊಂಬತ್ತನೇ ಶತಮಾನದ ಒಬ್ಬ ನಿಸರ್ಗ ವಿಜ್ಞಾನಿ, ಹಾಸಿಗೆ ಕೂಡ ಒಯ್ಯದೆ ಬೆಟ್ಟ ಕಾಡು ಅಲೆದು, ಪಾಚಿ, ಬಂಡೆ, ಅಳಿಲು ಯಾವುದನ್ನೂ ಬಿಡದೆ ಬರೆದದ್ದು. ಅಂಟಿಸಿದ ಹಾಳೆ ಒಣಗುವಷ್ಟು ಹೊತ್ತು ಪಕ್ಕದ ಹಾಳೆ ಓದುವುದು ಅಂಟಣ್ಣನವರ ಪದ್ಧತಿ. ಒಣಗಿತೋ, ಸಾಲು ಅರ್ಧದಲ್ಲಿದ್ದರೂ ಓದು ಬಂದ್.

ಈ ತುಂಡು ಓದಿನಿಂದಲೇ ಎಡವಟ್ಟಾಯಿತು. ಹದಿನೆಂಟು ವರ್ಷಗಳ ಹಿಂದೆ, ಪುಟಸಂಖ್ಯೆಯ ಮೂಲೆಗಳನ್ನೆಲ್ಲ ಇಲಿ ತಿಂದಿದ್ದ ಆ ಪುಸ್ತಕದ ಕೊನೆಯ ಎರಡು ಹಾಳೆಕಟ್ಟುಗಳನ್ನು ಅವರು ಅದಲುಬದಲು ಹೊಲಿದರು. ಪಾಪ, ವಿಜ್ಞಾನಿ ಮೊದಲು ಶಿಖರ ಇಳಿದು, ಆಮೇಲೆ ಹತ್ತಿ, ತುದಿಯಲ್ಲೇ ನಿಂತುಬಿಟ್ಟ. ಪುಸ್ತಕ ಮುಗಿಯಿತು. ಈ ವರ್ಷ ಹೊಲಿಗೆ ಬಿಟ್ಟು ಅದು ಮತ್ತೆ ಕೈಗೆ ಬಂದಾಗ, ಮೊದಲ ಬಾರಿಗೆ ಪೂರ್ತಿ ಓದಿದ ಅಂಟಣ್ಣನವರಿಗೆ ತಮ್ಮ ತಪ್ಪು ಗೊತ್ತಾಯಿತು. ನಿವೃತ್ತಿಗೆ ಎಂಟೇ ದಿನ. ಅಷ್ಟರಲ್ಲಿ ಗ್ರಂಥಪಾಲಕಿ ಅದನ್ನು ರದ್ದಿಗೆ ಬರೆದಾಗಿತ್ತು.

“ಯಾರ್ರೀ ಓದ್ತಾರೆ ಇದನ್ನ?”

“ಮೂರು ಜನ ಓದಿದಾರೆ ಮೇಡಮ್. ಮೂರೂ ಜನಕ್ಕೆ ನಾನು ಮೋಸ ಮಾಡಿದೀನಿ.”

ಆ ಮೂವರಲ್ಲಿ ನಾನೂ ಒಬ್ಬ. ‘ಇಳಿದ ಮೇಲೆ ಏರುವ’ ಈ ಲೇಖಕನ ಶೈಲಿಯಲ್ಲಿ ಆಳವಾದ ದರ್ಶನವಿದೆಯೆಂದು ಒಂದು ಸಭೆಯಲ್ಲಿ ಮುಕ್ಕಾಲು ಗಂಟೆ ಮಾತಾಡಿದ್ದೆ. ಉಳಿದಿಬ್ಬರು ಪುಣ್ಯಕ್ಕೆ ಬಂದಿರಲಿಲ್ಲ.

“ಶನಿವಾರದ ತನಕ ಬಿಡಿ, ಆಮೇಲೆ ನಿಮ್ಮಿಷ್ಟ” ಎಂದು ಅಂಟಣ್ಣ ಗೋಗರೆದರು. ದಿನಾ ಊಟದ ಬಿಡುವಿನಲ್ಲಿ ಹಳೆಯ ದಾರ ಬಿಚ್ಚಿ, ಹಳೆಯ ಅಂಟು ಕೆರೆದು, ಕಟ್ಟುಗಳನ್ನು ಸರಿಯಾದ ಕ್ರಮದಲ್ಲಿಟ್ಟು ಹೊಲಿದರು. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು.

“ಮನೇಲಿ ದಿಂಬಿನ ಹೊಲಿಗೆ ಬಿಟ್ಟು ಹತ್ತಿ ಹಾರಾಡ್ತಿದೆ, ಇವರು ಯಾರನ್ನೋ ಬೆಟ್ಟದಿಂದ ಇಳಿಸ್ತಿದಾರಂತೆ!” ಎಂದರು ಹೆಂಡತಿ. ಆದರೂ ಗಟ್ಟಿ ದಾರದ ಉಂಡೆ ಹುಡುಕಿಕೊಟ್ಟವರು ಅವರೇ.

ಶನಿವಾರ ಬೀಳ್ಕೊಡುಗೆ; ಓದುಗರ ಪರವಾಗಿ ಭಾಷಣ ನನ್ನದು. ಅಂಟಣ್ಣ ತಡವಾಗಿ, ಬೆರಳಿಗೆ ಅಂಟು ಮೆತ್ತಿಕೊಂಡೇ ಬಂದು, ಪುಸ್ತಕವನ್ನು ಗ್ರಂಥಪಾಲಕಿಯ ಕೈಗಿಟ್ಟರು. ಹೊಲಿಗೆ ನೋಡಲೆಂದು ಕೊನೆಯ ಪುಟಗಳನ್ನು ತೆರೆದ ಆಕೆ, ನನ್ನ ಭಾಷಣದುದ್ದಕ್ಕೂ ತಲೆಯೆತ್ತಲಿಲ್ಲ. ಮುಗಿದ ಮೇಲೆ, “ಸದ್ಯ, ಕ್ಷೇಮವಾಗಿ ಕೆಳಗೆ ಬಂದ” ಎಂದು ರದ್ದಿಯ ಪಟ್ಟಿಯಲ್ಲಿ ಅದರ ಹೆಸರಿನ ಮೇಲೆ ಗೆರೆ ಹೊಡೆದರು. ಅಂಟಣ್ಣ ಎರಡು ಲೋಟ ಚಹಾ ಕುಡಿದರು.

ಸುಮ್ಮನಿರಲಾರದೆ ನಾನು ಕೇಳಿದೆ: “ಇನ್ನು ಬಿಡುವೇ ಬಿಡುವು. ಒಂದ್ಸಲವಾದ್ರೂ ನೀವೇ ಒಂದು ಶಿಖರ ಹತ್ತಬೇಕು ಅನ್ಸಲ್ವಾ?”

“ಅವನೊಬ್ಬನ್ನ ಇಳಿಸೋಕೆ ನಂಗೆ ಹದಿನೆಂಟು ವರ್ಷ ಬೇಕಾಯ್ತು ಸಾರ್. ನಾನು ಹತ್ತಿದ್ರೆ ಇಳಿಸೋರ್ಯಾರು, ನೀವಾ?”