ಹೊಟ್ಟ್ಯಾಗ ಹಾಕ್ಕೊಳ್ರಿ ಅಂತ ಬರದಾಕಿ

ಬೈಲಹೊಂಗಲದ ಸುಚೇತಾಗ ಯಾರರೇ ಕೇಸ್ ಏನಾತು ಅಂತ ಕೇಳಿದ್ರ ಸಾಕು, ಮೈಯಾಗಿನ ಕಸುವೆಲ್ಲಾ ಇಳದು ಹೋಗತದ. ಎರಡೂವರಿ ವರ್ಷದಿಂದ ಅದೇ ಪ್ರಶ್ನೆ, "ನಡದದ್ರಿ" ಅಂತ ಅದೇ ಉತ್ತರ. ಕೇಸ್ ಅಂದ್ರ ಹೊಲದ್ದಲ್ಲ, ಮನಿದಲ್ಲ, ನೌಕರಿದು. ಅದೂ ಸರಕಾರಿ ನೌಕರಿ ಅಲ್ಲ. ಮಕ್ಕಳ ಪೌಷ್ಟಿಕತೆ ಸಲುವಾಗಿ ಹತ್ತಾರು ದೇಶ ಕೂಡಿ ನಡಸೋ ದೊಡ್ಡ ಸಂಸ್ಥೆದು.

ಒಂಬತ್ತು ವರ್ಷ ದುಡದಳು. ಒಂದೊಂದೇ ವರ್ಷದ ಕರಾರು. ಡಿಸೆಂಬರ್ ಬಂತಂದ್ರ ಹೊಸ ಕಾಗದ, ಹೊಸ ಸಹಿ. ಸವದತ್ತಿ, ರಾಮದುರ್ಗ ತಾಲೂಕಿನ ಅಂಗನವಾಡಿಗೆಲ್ಲಾ ಬಸ್ಸಿನ್ಯಾಗ ಅಡ್ಡಾಡಿ ಕೂಸುಗಳ ತೂಕ ಮಾಡಸೂದು, ಕಾರ್ಯಕರ್ತೆಯರಿಗೆ ಕಲಸೂದು ಆಕಿ ಕೆಲಸ. ತೊರಗಲ್ಲ ಊರಿನ ಕಡೆ ಬಿಸಲಾಗ ಅಡ್ಡಾಡಿ ಮಾರಿ ಕಪ್ಪಾತು, ಮೊಣಕಾಲು ಹೋದವು. ವರ್ಷಕ್ಕೊಮ್ಮೆ ಸಾಹೇಬರು ಬರಿಯೋ ವರದಿಯೊಳಗ ಮಾತ್ರ 'ಉತ್ತಮ' ಅಂತನೇ ಇರತಿತ್ತು.

ಕಡೀ ವರ್ಷ ಹೊಸ ಸಾಹೇಬರು ಬಂದ್ರು. ದೀಪಾವಳಿ ಮುಂದ ಬೆಳಗಾವಿ ಆಫೀಸಿಗೆ ಆಕಿನ್ನ ಕರದು, ನಿಮ್ಮ ಕರಾರು ಮುಂದುವರೀತದ, ಬರೋ ವರ್ಷದ ಕೆಲಸದ ಪಟ್ಟಿ ತಯಾರ ಮಾಡ್ರಿ ಅಂದ್ರು. ಬರದು ಕೊಡ್ರಿ ಅಂತ ಈಕಿ ಕೇಳಲಿಲ್ಲ. ಹೆಂಗ ಕೇಳ್ಯಾಳು? ಮ್ಯಾಲಿನವರು ಬಾಯಿಬಿಟ್ಟು ಮಾತು ಕೊಟ್ಟಾಗ ಕಾಗದ ಕೇಳಿದ್ರ, ನಿಮ್ಮ ಮ್ಯಾಲೆ ನಂಬಿಗಿ ಇಲ್ಲ ಅಂತ ಮಾರಿಗೆ ಹೇಳಿದಂಗ. ಹದಿನೈದು ದಿವಸ ಕುಂತು ಪಟ್ಟಿ ಮಾಡಿದಳು. ಡಿಸೆಂಬರ್ ಮೊದಲನೇ ವಾರ ಈಮೇಲ್ ಬಂತು: ಮೂವತ್ತೊಂದಕ್ಕ ಕರಾರು ಮುಗೀತದ, ನವೀಕರಣ ಇಲ್ಲ. ಯಾಕ ಅಂತ ಕೇಳಿದ್ರ ಜವಾಬಿಲ್ಲ.

ಊರಾಗಿನ ವಕೀಲರು ಬಸಯ್ಯ ಕಾಗದ ಓದಿ ತಲಿ ಕೆರಕೊಂಡ್ರು. ಹತ್ತಾರು ದೇಶದ ಇಂಥ ಸಂಸ್ಥೆಗೆ ಕಾಯದೇನೇ ವಿನಾಯಿತಿ ಕೊಟ್ಟೈತಿ, ನಮ್ಮ ಕೋರ್ಟಿನ್ಯಾಗ ಕೇಸ್ ನಡಿಯೂದಿಲ್ಲ, ಅವರದೇ ಒಂದು ನ್ಯಾಯಮಂಡಳಿ ಐತಿ, ಅಲ್ಲೇ ಕೇಳಬೇಕು ಅಂದ್ರು. ನೋಡ್ರಿ ಇದರ ಚಂದಾ! ಹೊರಗ ಹಾಕಿದವರ ಮನಿಗೇ ಹೋಗಿ, ಅವರ ಪಡಸಾಲ್ಯಾಗ ಕುಂತು ನ್ಯಾಯ ಕೇಳಬೇಕಂತ. ಆದ್ರೂ ಕೇಳಿದಳು. ಆವಾಗ ಸಂಸ್ಥೆ ಮೊದಲನೇ ಸಲ ಕಾರಣ ಕೊಟ್ಟಿತು: ಆಕಿ ಕೆಲಸ ಸಮಾಧಾನಕರ ಇರಲಿಲ್ಲ. ಅವತ್ತಿಂದ ಸುಚೇತಾಗ ನೌಕರಿ ಆಸೆ ಹೋತು. ನನ್ನ ಕೆಲಸ ಛಲೋ ಇತ್ತು ಅಂತ ಅವರ ಬಾಯಿಲೆ ಬಂದ್ರ ಸಾಕು ಅಂತ ಹಟ ಹಿಡದಳು.

ವಿಚಾರಣೆ ಕಂಪ್ಯೂಟರಿನ್ಯಾಗ ನಡೀತು. ಗಂಡ ಸುಮೇಧ, ಎಂ.ಕೆ. ಹುಬ್ಬಳ್ಳಿ ಸಕ್ಕರಿ ಕಾರಖಾನಿಯೊಳಗ ಕಾರಕೂನ, ರಜಾ ಹಾಕಿ ಬಾಜೂಕ ಕುಂತಿದ್ದ. ಸಂಸ್ಥೆ ಕಡಿ ವಕೀಲೆ, ಮೆತ್ತನ ದನಿ ಹೆಣ್ಣಮಗಳು, ಒಂದು ಪತ್ರ ತೋರಿಸಿದಳು. ಕೆಲಸ ಬಿಟ್ಟ ದಿವಸ ಸುಚೇತಾನೇ ಆಫೀಸಿನವರಿಗೆಲ್ಲಾ ಇಂಗ್ಲಿಷಿನ್ಯಾಗ ಬರದದ್ದು: ನನ್ನಿಂದ ಭಾಳ ತಪ್ಪಾಗ್ಯಾವ, ಹೊಟ್ಟ್ಯಾಗ ಹಾಕ್ಕೊಳ್ರಿ. ಯಾವ ಯಾವ ತಪ್ಪು ಅಂತ ಕೇಳಿದಳು ವಕೀಲೆ.

ಸುಚೇತಾಗ ಪ್ರಶ್ನೆನೇ ತಿಳೀಲಿಲ್ಲ. ಬೀಗರ ಮನಿಯಿಂದ ಹೊಂಟವರು, ವರ್ಗ ಆಗಿ ಊರು ಬಿಡೋ ಮಾಸ್ತರು, ಎಲ್ಲಾರೂ ಅನ್ನೋ ಮಾತು ಅದು. ಅನ್ನದಿದ್ರ ಸೊಕ್ಕು ನೋಡ್ರಿ ಅಂತಾರ.

"ತಪ್ಪು ಯಾವುದೂ ಇಲ್ರಿ. ಹೋಗುಮುಂದ ಹಂಗ ಅನ್ನೂದು ನಮ್ಮ ಕಡೆ ಪದ್ಧತಿ. ಮರ್ಯಾದಿ ಮಾತು ಅದು, ಖರೇ ಅಂತ ಹಿಡೀಬಾರದು," ಅಂದಳು.

ವಕೀಲೆ ತಲಿ ಆಡಿಸಿದಳು. "ಹಂಗಿದ್ರ, ಕರಾರು ಮುಂದುವರೀತದ ಅಂತ ನಿಮ್ಮ ಸಾಹೇಬರು ಅಂದದ್ದೂ ಮರ್ಯಾದಿ ಮಾತೇ ಇರಬಹುದಲ್ಲಾ?"

ಸುಮೇಧ ಟೇಬಲ್ ಕೆಳಗ ಸುಚೇತಾನ ಕೈ ಹಿಡಕೊಂಡ. ನ್ಯಾಯಾಧೀಶರು ಒಂದು ಮಿನಿಟು ಕಾದು ಮುಂದಿನ ಪ್ರಶ್ನೆಗೆ ಹೋದ್ರು.

ಮೂರು ತಿಂಗಳಿಗೆ ತೀರ್ಪು ಬಂತು. ಅರ್ಜಿ ವಜಾ. ಬಾಯಿಮಾತು ಭರವಸೆ ಆಗೂದಿಲ್ಲ, ಅಂಥ ಮಾತು ಬರೇ ಸೌಜನ್ಯದ್ದು ಅಂತ ಅರ್ಜಿದಾರರೇ ಹೇಳ್ಯಾರ ಅಂತ ಬರದಿತ್ತು. ಕೆಲಸ ಛಲೋ ಇತ್ತೋ ಇಲ್ಲೋ, ಅದನ್ನ ನೋಡಲಿಕ್ಕೇ ಹೋಗಿದ್ದಿಲ್ಲ.

ಮೇಲ್ಮನವಿಗೆ ಮೂವತ್ತು ದಿವಸ ಅದಾವು, ಗೆಲ್ಲೂದು ಕಷ್ಟ ಅಂದ್ರು ಬಸಯ್ಯ. ಭಾಳ ದಣದೀ, ಇನ್ನ ಸಾಕು ಮಾಡು ಅಂದ ಸುಮೇಧ. ಖರೇನೂ ಆಕಿಗೆ ಸಾಕಾಗಿತ್ತು. ಕುಂತ್ರೂ ದಣಿವು, ಮಲಗಿದ್ರೂ ದಣಿವು.

"ಸೋತದ್ದಕ್ಕ ಅಲ್ಲ ಸಂಕಟ," ಅಂದಳು. "ಸಾಹೇಬರು ಮಾತು ಕೊಟ್ಟದ್ದು ಖರೇ ಇತ್ತು. ಅದನ್ನ ಸುಳ್ಳು ಮಾಡಿದಾಕಿ ನಾನೇ."

ಇಪ್ಪತ್ತೆಂಟನೇ ದಿವಸ ಮಧ್ಯಾಹ್ನ ಉಂಡು ಮೇಲ್ಮನವಿ ಬರಿಲಿಕ್ಕೆ ಕಂಪ್ಯೂಟರ್ ತಗದು ಕುಂತಳು. ತಮ್ಮ ಅಮೂಲ್ಯ ಸಮಯ ತಗೊಳ್ಳೂದಕ್ಕ ಕ್ಷಮಾ ಇರಲಿ ಅಂತ ಸುರು ಮಾಡಿ, ಅದನ್ನ ಅಳಿಸಿದಳು. ಆಮ್ಯಾಲೆ, ನಲವತ್ತೆಂಟು ವರ್ಷದಾಗ ಯಾರ ಮುಂದೂ ಅನ್ನದ ಮಾತು ಬರದಳು: ನಾನು ನನ್ನ ಕೆಲಸ ಛಲೋ ಮಾಡೇನಿ, ತಪ್ಪು ಮಾಡಿಲ್ಲ. ಓದಿದ್ರ ನಾಚಿಕಿ ಬಂತು, ಯಾರೋ ಸೊಕ್ಕಿನಾಕಿ ಬರದಂಗ ಅನಿಸ್ತು. ಆದ್ರೂ ಅಳಿಸಲಿಲ್ಲ.